ಹೂಂಗುಟ್ಟುತ್ತಿದ್ದವನು

ಮುತ್ತುರಾಜ್ ಸತ್ತು ವರ್ಷ ತುಂಬಿದ ಮೇಲೂ, ಹುಳುಮನೆಯಲ್ಲಿ ಒಬ್ಬಳೇ ರೇಷ್ಮೆಹುಳುಗಳಿಗೆ ಸೊಪ್ಪು ಹಾಸುವಾಗ ರೇವತಿಗೆ ಬೆನ್ನ ಹಿಂದೆ 'ಹೂಂ' ಎನ್ನುವುದು ಕೇಳಿಸುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನಿಂತುಹೋದೀತೆಂಬ ಭಯ.

ಹತ್ತೊಂಬತ್ತರ ಮಗ. ರೇಷ್ಮೆ ಗೂಡು ತುಂಬಿಕೊಂಡು ಕಲ್ಯಾಣದುರ್ಗದ ಕಡೆಯಿಂದ ಹಿಂದೂಪುರದ ಮಾರ್ಕೆಟ್ಟಿಗೆ ಗಾಡಿ ಓಡಿಸುತ್ತಿದ್ದ. ತೂಕಡಿಕೆ ಬಾರದಿರಲೆಂದು ಅವಳು ಪಕ್ಕದಲ್ಲಿ ಕೂತು ಕತೆ ಹೇಳುತ್ತಿದ್ದಳು. ಕೇಳುವವನು ಹೂಂಗುಡುತ್ತಿದ್ದರೆ ಎಚ್ಚರವಾಗಿದ್ದಾನೆಂದೇ ಆ ಮನೆಯವರ ನಂಬಿಕೆ. ಅವತ್ತೂ ಅವನು ಹೂಂಗುಡುತ್ತಲೇ ಇದ್ದ. ಹಾಡಹಗಲಲ್ಲಿ, ಯಾರೂ ಇಲ್ಲದ ರಸ್ತೆಯಲ್ಲಿ, ಗಾಡಿ ಸೀದಾ ಹೋಗಿ ಹುಣಸೆಮರಕ್ಕೆ ಬಡಿಯಿತು.

"ಎಚ್ಚರವಾಗೇ ಇದ್ದ" ಎಂದು ಅವಳು ಎಲ್ಲರೆದುರೂ ಆಣೆ ಮಾಡಿದ್ದಳು.

"ಹಂಗಾರೆ ಏನೋ ಅಡ್ಡ ಬಂದೈತೆ ಕಣಮ್ಮ. ದೆಯ್ಯದ ಕೆಲ್ಸ" ಎಂದಿದ್ದಳು ಅತ್ತೆ ಮುನಿಯಕ್ಕ. ಆ ಮರದ ಬುಡದಲ್ಲಿ ಕೋಳಿ ಕುಯ್ದು ಶಾಂತಿ ಮಾಡಿಸಿದ್ದರು.

ಈಗ ಮತ್ತೆ ಅದೇ ದಾರಿ, ಹಿಂದೆ ಅದೇ ಗೂಡಿನ ಮೂಟೆಗಳು. ಸ್ಟೀರಿಂಗ್ ಹಿಡಿದವಳು ಮಗಳು ಮೇಘನಾ. ಹದಿನೆಂಟು ತುಂಬಿ ಲೈಸೆನ್ಸ್ ಬಂದಿತ್ತು. ಎರಡು ರಾತ್ರಿ ಮನೆಮಂದಿಯೆಲ್ಲ ಕೂತು ಗೂಡು ಬಿಡಿಸಿದ್ದರು. ಅವಳೂ ಕಣ್ಣು ಮುಚ್ಚಿರಲಿಲ್ಲ.

ಹುಣಸೆಮರ ಬಂತು, ಹೋಯಿತು. ರೇವತಿ ಸೆರಗು ಬಿಗಿಹಿಡಿದುಕೊಂಡಿದ್ದಳು. ಅಡ್ಡ ಏನೂ ಬರಲಿಲ್ಲ.

"ಕತೆ ಹೇಳ್ಲಾ ಮಗ?"

"ಹೇಳು. ಏಳು ಜನ ಅಣ್ತಮ್ಮಂದಿರ್ದೇ ತಾನೆ? ಬೇರೆ ನಿಂಗೆಲ್ಲಿ ಬತ್ತದೆ."

ರೇವತಿ ಶುರುಮಾಡಿದಳು. ಮೇಘನಾ ಹೂಂಗುಟ್ಟಿದಳು. ಕತೆಯಲ್ಲಿ ಒಂದು ಮಾತು ತಪ್ಪಿದರೂ ಹಿಡಿದು ಆಡಿಕೊಳ್ಳುವ ಹುಡುಗಿ ಅವಳು. ಮಡಕಶಿರಾ ದಾಟಿದ ಮೇಲೆ ರೇವತಿಗೇ ಕತೆಯ ಎಳೆ ತಪ್ಪಿತು. ಆಗಲೇ ಬಾವಿಗೆ ಬಿದ್ದು ಸತ್ತಿದ್ದ ಕಿರಿಸೊಸೆ ಒಲೆ ಮುಂದೆ ಕೂತು ಮುದ್ದೆ ತೊಳಸತೊಡಗಿದಳು.

"ಹೂಂ" ಎಂದಳು ಮೇಘನಾ.

ಮೆತ್ತಗೆ, ಕೊಂಚ ಎಳೆದಂತೆ. ಆ ಧ್ವನಿ ರೇವತಿಗೆ ಗೊತ್ತಿತ್ತು. ವರ್ಷವಿಡೀ ಬೆನ್ನ ಹಿಂದೆ ಕೇಳಿದ್ದು ಅದನ್ನೇ. ಅವಳು ತಿರುಗಿ ನೋಡಿದಳು. ಮಗಳ ರೆಪ್ಪೆಗಳು ಅರ್ಧ ಇಳಿದಿದ್ದವು. ಗಾಡಿ ರಸ್ತೆಯಂಚಿನ ಬಿಳಿ ಗೆರೆಯ ಕಡೆಗೆ ಸರಿಯುತ್ತಿತ್ತು.

ರೇವತಿ ಸ್ಟೀರಿಂಗಿನ ಮೇಲೆ ಕೈಯಿಟ್ಟಳು. "ಮೇಘನಾ, ನಿಲ್ಸು."

ಹುಡುಗಿ ಬೆಚ್ಚಿ ಬ್ರೇಕ್ ತುಳಿದಳು. ಗಾಡಿ ಮಣ್ಣಿಗಿಳಿದು ನಿಂತಿತು.

"ನಾನೇನ್ ನಿದ್ದೆ ಮಾಡಿಲ್ಲಮ್ಮ. ಹೂಂ ಅಂತಿದ್ನಲ್ಲ."

"ಕಿರಿಸೊಸೆ ಎಲ್ಲವ್ಳೆ ಹೇಳು ಮತ್ತೆ."

"ಯಾವ ಸೊಸೆ?"

ರೇವತಿ ಕೀ ತಿರುಗಿಸಿ ಕಿತ್ತುಕೊಂಡಳು. ಮೇಘನಾ ಗೊಣಗುತ್ತಲೇ ಸೀಟಿಗೆ ಒರಗಿ, ಗೊಣಗು ಮುಗಿಯುವ ಮೊದಲೇ ನಿದ್ದೆಹೋದಳು.

ಗಂಡ ನರಸಿಂಹಪ್ಪನ ಫೋನು ಬಂತು.

"ಎಲ್ಲಿದ್ದೀರಾ? ಹರಾಜು ಶುರುವಾಗೋ ಹೊತ್ತಾಯ್ತು. ಆಮೇಲೆ ಹೋದ್ರೆ ರೇಟ್ ಸಿಕ್ಕಲ್ಲ."

"ಸಿಕ್ಕದಿದ್ರೆ ಬ್ಯಾಡ. ಮಗ ಮಲಗವ್ಳೆ, ಎಬ್ಬಿಸಲ್ಲ."

"ಅದೇನೇ ಹಂಗಂದ್ರೆ?"

"ಅವತ್ತು ಏನೂ ಅಡ್ಡ ಬಂದಿರ್ಲಿಲ್ಲ ಕಣ್ರೀ" ಎಂದಳು ರೇವತಿ. "ಅವನು ನಿದ್ದೆಲಿದ್ದ. ನಿದ್ದೆಲೇ ಹೂಂ ಅಂತಿದ್ದ. ನಾವು ಅವನನ್ನ ಮಲಗಕ್ಕೇ ಬಿಟ್ಟಿರ್ಲಿಲ್ಲ."

 

ಬಿಸಿಲು ಮಗಳ ಮುಖಕ್ಕೆ ಬಂದಿತ್ತು. ರೇವತಿ ಫೋನನ್ನು ಹಾಗೇ ಮಡಿಲಲ್ಲಿಟ್ಟುಕೊಂಡು, ಅಂಗೈ ಅಗಲಿಸಿ ಆ ಮುಖಕ್ಕೆ ನೆರಳು ಹಿಡಿದು ಕೂತಳು.