ಕ್ರೇನಣ್ಣ ಇಳಿದು ಬಂದ ದಿನ

"ಆ ಬಿಳಿ ಅಂಗಿ ಬೇಡ," ಎಂದು ಗುಂಡಿ ಹಾಕುತ್ತಿದ್ದ ಮಗಳ ಕೈಯನ್ನು ತಾಯಿ ತಡೆದಳು. "ನೀಲಿದು ತಗೊಂಡ್ಬಾ. ಬಂದರಿನ ಕೆಲಸದ್ದು."

"ಅಮ್ಮಾ, ಅದರ ಕಾಲರ್ ಪೂರ್ತಿ ಸವೆದಿದೆ."

"ಸವೀಲಿ ಬಿಡು. ಅದನ್ನ ಹಾಕ್ಕೊಂಡ್ರೇನೇ ನಿಮ್ಮಪ್ಪ ಎದೆ ಸೆಟೆಸಿ ನಡೀತಿದ್ದಿದ್ದು."

ಇಬ್ಬರೂ ಸೇರಿ ತಣ್ಣಗಾದ ತೋಳುಗಳಿಗೆ ನೀಲಿ ಅಂಗಿ ತೊಡಿಸಿದರು. ಹಿಂದಿನ ದಿನ ಊಟ ಮುಗಿಸಿ ಕುರ್ಚಿಯಲ್ಲಿ ಕೂತಿದ್ದವನು ಹಾಗೇ ಒರಗಿಬಿಟ್ಟಿದ್ದ. ಹೃದಯ ನಿಂತಿತ್ತು. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ.

ಮುಂದಿನ ಕೋಣೆ ಆಗಲೇ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ಬಂದರಿನವರು, ಈಗ ಎಲ್ಲರ ತಲೆಯೂ ನೆರೆತಿದೆ. ಅವರ ಪಾಲಿಗೆ ಅವನು ಕ್ರೇನಣ್ಣ. ಆಯುಷ್ಯದ ಬಹುಪಾಲನ್ನು ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು, ಹಡಗುಗಳ ಸರಕು ಇಳಿಸುವುದರಲ್ಲೇ ಕಳೆದವನು.

ಅವನ ತಮ್ಮ, ಬಟ್ಟೆ ಅಂಗಡಿಯವನು, ಇಸ್ತ್ರಿ ಮುರಿಯದ ಪ್ಯಾಂಟಿನಲ್ಲಿ ಬಾಗಿಲ ಬಳಿ ನಿಂತಿದ್ದ. ಅತ್ತಿಗೆ ಹೊರಗೆ ಬಂದದ್ದೇ ಪಕ್ಕಕ್ಕೆ ಕರೆದ.

"ಅತ್ತಿಗೆ, ಈ ಬಂದರಿನವರು ಇವತ್ತಾದ್ರೂ ಆ ವಿಷಯ ಎತ್ತೋದು ಬೇಡ. ಬೀಗರೆಲ್ಲ ಬಂದಿದಾರೆ."

"ಯಾವ ವಿಷಯ?" ಆಕೆ ಗೊತ್ತಿದ್ದೇ ಕೇಳಿದಳು.

"ಅದೇ... ಉಚ್ಚೆ ವಿಷಯ." ಅವನ ಕಿವಿ ಕೆಂಪೇರಿತು. "ಅಣ್ಣ ಅದನ್ನ ಊರಿಗೆಲ್ಲ ಡಂಗುರ ಹೊಡೆದ. ಸತ್ತ ಮೇಲೂ ಅದೇ ಮಾತಾದ್ರೆ ಮನೆ ಮರ್ಯಾದೆ ಏನಾಗ್ಬೇಕು?"

ಆಕೆ ಉತ್ತರ ಕೊಡುವ ಮೊದಲೇ ಅವನು ಹಿತ್ತಲ ಕಡೆಗೆ ನಡೆದಿದ್ದ. ಈಗಷ್ಟೇ ಅಲ್ಲಿಗೆ ಹೋಗಿ ಬಂದದ್ದನ್ನು ಆಕೆ ನೋಡಿದ್ದಳು.

*

ಕ್ರೇನಣ್ಣನಿಗೆ ನಿವೃತ್ತಿ ಹತ್ತಿರವಾಗಿದ್ದ ಕಾಲವದು. ಮೂತ್ರಕ್ಕೆ ನಿಂತರೆ ಬೇಗ ಬರುತ್ತಿರಲಿಲ್ಲ. ಬಂದರೂ ನೂಲಿನಂಥ ಧಾರೆ. ಮುಗಿಯಿತೆಂದು ತಿರುಗಿದರೆ ಇನ್ನೂ ಉಳಿದಿದೆ ಅನ್ನಿಸುವುದು. ರಾತ್ರಿ ನಿದ್ದೆ ತುಂಡು ತುಂಡಾಗುತ್ತಿತ್ತು. ಹೆಂಡತಿ ಕೇಳಿದರೆ "ವಯಸ್ಸಾಯ್ತಲ್ಲ, ಬಿಡೇ" ಎಂದು ಮಗ್ಗುಲು ಬದಲಿಸುತ್ತಿದ್ದ. ಗೂಡಿನಿಂದ ಇಳಿಯಲು ಉದ್ದದ ಕಬ್ಬಿಣದ ಏಣಿ. ಪದೇ ಪದೇ ಇಳಿದರೆ ಕೆಳಗಿನವರು ನಗುತ್ತಾರೆ. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟ. ಆಕೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ತುಂಬಿದಂತೆಯೇ ವಾಪಸ್ಸು ಬರುತ್ತಿತ್ತು.

ಒಂದು ದಿನ ನೆಗಡಿಯೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿ ಮೇಲೆ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ತಮಟೆಯಂತೆ ಬಿಗಿದುಕೊಂಡಿತು. ಕೊಕ್ಕೆಯಲ್ಲಿ ದೊಡ್ಡದೊಂದು ಜನರೇಟರ್ ತೂಗುತ್ತಿತ್ತು. ಕೆಳಗೆ ಜನ. ಹಲ್ಲು ಕಚ್ಚಿ, ಬೆವರು ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ, ಅದನ್ನು ಲಾರಿಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಇಳಿಸಿದ. ಆಮೇಲೆ ಏಣಿಗೆ ಹಣೆ ಆನಿಸಿ ಆನಿಸಿ ಇಳಿದು ಬಂದು ನೆಲದ ಮೇಲೆ ಕುಸಿದ.

ಕೆಳಗೆ ನಿಂತು ಕ್ರೇನಿಗೆ ಕೈಸನ್ನೆ ಮಾಡುವ ಗೆಳೆಯ ಓಡಿ ಬಂದ. "ಏನಾಯ್ತೋ? ಎದೆನೋವಾ?"

ಕ್ರೇನಣ್ಣ ಇಲ್ಲವೆಂದು ತಲೆಯಾಡಿಸಿದ. ಬಾಯಿ ತೆರೆದ, ಮುಚ್ಚಿದ. ಕೊನೆಗೆ ಅಂದ: "ಉಚ್ಚೆ ಕಟ್ಟಿದೆ ಕಣೋ. ಒಂದು ಹನಿ ಬರ್ತಿಲ್ಲ. ಜೀವ ಹೋಗ್ತಿದೆ."

ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದಾಗ ಅವನು ನಿರಾಳವಾಗಿ ಗೊಳೋ ಎಂದು ಅತ್ತ. ಡಾಕ್ಟರಮ್ಮ ಪಕ್ಕದಲ್ಲಿ ಕೂತು ತಿಳಿಸಿದಳು: ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ, ಗಂಡಸರಿಗೆ ವಯಸ್ಸಾದಂತೆ ಅದು ದೊಡ್ಡದಾಗಿ ದಾರಿ ಒತ್ತುತ್ತದೆ, ಕೆಲವು ನೆಗಡಿ ಮಾತ್ರೆಗಳು ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ರಕ್ತಪರೀಕ್ಷೆ ಮಾಡಿಸಿದರು. ಕ್ಯಾನ್ಸರಿನ ಸುಳಿವು ಕಾಣಲಿಲ್ಲ.

"ಮೊದಲೇ ಬಂದಿದ್ರೆ ಬರೀ ಮಾತ್ರೇಲೇ ಹೋಗ್ತಿತ್ತೇನೋ. ಇನ್ನೂ ತಡ ಮಾಡಿದ್ರೆ ಕಿಡ್ನಿಗೇ ಪೆಟ್ಟು. ಯಾಕ್ ಸುಮ್ನಿದ್ರಿ?"

"ನಾಚಿಕೆ ಆಯ್ತಮ್ಮ."

ಮಾತ್ರೆ ಕೊಟ್ಟು ನಳಿಕೆ ತೆಗೆದರೂ ಮತ್ತೆ ಕಟ್ಟಿಕೊಂಡಿತು. ಕೊನೆಗೆ ಹೊರಗೆಲ್ಲೂ ಕೊಯ್ಯದೆ, ಮೂತ್ರದ ದಾರಿಯಿಂದಲೇ ಆಪರೇಷನ್ ಮಾಡಿದರು. ಸುಧಾರಿಸಿಕೊಂಡು ಅವನು ಮತ್ತೆ ಬಂದರಿಗೆ ಹೋದ.

*

"ಅವತ್ತು ಏನ್ ಮಾಡ್ದ ಗೊತ್ತಾ?" ಕೈಸನ್ನೆಯ ಗೆಳೆಯ ಬೀಗರ ಕಡೆಗೇ ತಿರುಗಿ ಹೇಳುತ್ತಿದ್ದ. "ಕ್ಯಾಂಟೀನಲ್ಲಿ ಬೆಂಚ್ ಮೇಲೆ ಹತ್ತಿ ನಿಂತ. 'ಲೋ, ಮನೇಲಿ ನಲ್ಲಿ ಕೆಟ್ರೆ ಪ್ಲಂಬರ್‌ನ ಕರೀತೀರಿ. ನಿಮ್ ನಲ್ಲಿ ಕೆಟ್ರೆ ಮಾತ್ರ ದೇವರನ್ನ ಯಾಕ್ರೋ ಕರೀತೀರಿ?' ಅಂದ. ಎಲ್ರೂ ಬಿದ್ದು ಬಿದ್ದು ನಕ್ರು. ನಕ್ಕವರೇ ಒಬ್ಬೊಬ್ರಾಗಿ ಗೋಡೌನ್ ಹಿಂದೆ ಅವನನ್ನ ಕರ್ಕೊಂಡ್ ಹೋಗಿ ಪಿಸಪಿಸ ಅಂದ್ರು. ಅಷ್ಟು ಜನರನ್ನೂ ಆಸ್ಪತ್ರೆಗೆ ಅವನೇ ಎಳ್ಕೊಂಡ್ ಹೋದ."

"ನಂಗೆ ಮಾತ್ರೆಲೇ ಗುಣ ಆಯ್ತು," ಎಂದ ಮೂಲೆಯಲ್ಲಿದ್ದ ಲಾರಿ ಡ್ರೈವರ್.

"ನಂಗೆ ಬೇರೇನೇ ಇತ್ತು," ಎಂದ ಬೆಸುಗೆಯವನು, ಮೆಲ್ಲಗೆ. "ಕ್ಯಾನ್ಸರ್. ಶುರುವಲ್ಲೇ ಸಿಕ್ತು. ಇವತ್ತು ಇಲ್ಲಿ ಕೂತಿದೀನಿ ಅಂದ್ರೆ ಅವನಿಂದ."

ಬೀಗರಲ್ಲಿ ಹಿರಿಯವರೊಬ್ಬರು ಎದ್ದು ಬಂದು, ನೀಲಿ ಅಂಗಿಯಲ್ಲಿ ಮಲಗಿದ್ದ ಕ್ರೇನಣ್ಣನ ಪಕ್ಕ ಕೈ ಕಟ್ಟಿ ನಿಂತರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ತಲೆ ತಗ್ಗಿಸಲಿಲ್ಲ.

ಮೈದುನ ಅಲ್ಲಿರಲಿಲ್ಲ. ಆಕೆ ಹಿತ್ತಲಿಗೆ ಹೋದಳು. ಅವನು ಬಚ್ಚಲಿನ ಹೊರಗೆ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ಮುಖದಲ್ಲಿ ಬೆವರಿತ್ತು.

"ಎಷ್ಟು ದಿನದಿಂದ?"

"ಏನಿಲ್ಲ ಅತ್ತಿಗೆ. ನಿದ್ದೆ ಇಲ್ಲ, ಅದಕ್ಕೇ..."

"ನನ್ನ ಹತ್ರ ಸುಳ್ಳು ಬೇಡ. ನಿಮ್ಮಣ್ಣನ ಜೊತೆ ಬಾಳಿದವಳು ನಾನು."

ಅವನು ನೆಲ ನೋಡಿದ. "ಒಂದು ವರ್ಷ ಆಗಿರ್ಬೇಕು. ಬರುತ್ತೆ, ಆದ್ರೆ ತಿಣುಕಬೇಕು. ಅಂಗಡೀಲಿ ಗಿರಾಕಿ ಮುಂದೆ ಎಷ್ಟು ಸಲ ಎದ್ದು ಹೋಗ್ಲಿ? ಅಣ್ಣಂಗೆ ಹೇಳೋಣ ಅಂತ ಹೋದ ವಾರ ಬಂದಿದ್ದೆ. ಹೇಳ್ದೆ ಹೋದೆ." ಅವನು ಗೋಡೆಯಿಂದ ಕೈ ತೆಗೆದ. "ಬಾಯಿ ಮುಚ್ಕೊಂಡಿರು ಅಂತ ಅವನಿಗೆ ಬೈದವನಲ್ವಾ ನಾನು."

"ನೀವು ಬೈದಿದ್ದು ಅವರಿಗೆ ನಾಟಿದ್ರೆ ತಾನೆ? ನಕ್ಕೊಂಡು ಊಟ ಮಾಡಿದ್ರು." ಆಕೆ ಸೆರಗಿನ ತುದಿಯಿಂದಲೇ ಅವನ ಹಣೆ ಒರೆಸಿದಳು. "ನಾಳೆ ಬೆಳಿಗ್ಗೆ ನಾನೇ ಕರ್ಕೊಂಡ್ ಹೋಗ್ತೀನಿ. ಪೂರ್ತಿ ನಿಂತೇ ಹೋದ್ರೆ ಇವತ್ತೇ, ಯಾವ ಹೊತ್ತಾದ್ರೂ ಸರಿ. ಹೇಳ್ದೆ ಇದ್ರೆ ನೋಡಿ ಮತ್ತೆ."

ಮಗುವಿನಂತೆ ಅವನು ತಲೆಯಾಡಿಸಿದ.

*

ಬಿಸಿಲೇರುವ ಹೊತ್ತಿಗೆ ಕ್ರೇನಣ್ಣನನ್ನು ಹೊರತಂದರು. ಬಂದರಿನವರು ಹೆಗಲು ಕೊಟ್ಟರು. ಮುಂದಿನ ಬಲಬದಿಯಲ್ಲಿ ತಮ್ಮ. ಬೀದಿಯ ತಿರುವಿಗೆ ಬಂದಿದ್ದರಷ್ಟೆ, ಅವನ ಹೆಜ್ಜೆ ತಡವರಿಸಿತು. ಒಂದು ಕ್ಷಣ ಸುತ್ತ ನೋಡಿದ. ಆಮೇಲೆ ಎಲ್ಲರಿಗೂ ಕೇಳಿಸುವಂತೆ ಅಂದ:

"ಸ್ವಲ್ಪ ನಿಲ್ಲಿ. ನಾನು ಮೂತ್ರಕ್ಕೆ ಹೋಗಿ ಬರ್ಬೇಕು."

ಕೈಸನ್ನೆಯ ಗೆಳೆಯ ಅಂಗೈ ಎತ್ತಿದ. ಮೆರವಣಿಗೆ ನಿಂತಿತು. ಎದುರಿನ ಸೈಕಲ್ ರಿಪೇರಿಯವನು ಅಂಗಡಿಯ ಹಿಂಬಾಗಿಲು ತೆರೆದು ದಾರಿ ತೋರಿಸಿದ. ಯಾರೂ ನಗಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಲಾರಿ ಡ್ರೈವರ್ ಬಾಗಿ ತಮ್ಮನ ಜಾಗದಲ್ಲಿ ಹೆಗಲು ಕೊಟ್ಟ. ಹಿಂದೆ ಬರುತ್ತಿದ್ದ ಬಸ್ಸೊಂದು ಹಾರನ್ ಮಾಡದೆ ಎಂಜಿನ್ ಆರಿಸಿತು.

ಅಷ್ಟು ಜನ ಮುದುಕರು ನಡುಬೀದಿಯಲ್ಲಿ, ಉರಿಬಿಸಿಲಿನಲ್ಲಿ, ಗೆಳೆಯನನ್ನು ಎತ್ತಿ ಹಿಡಿದು ಕಾದರು. ತಮ್ಮ ನಿಧಾನವಾಗಿ, ಒದ್ದೆ ಕೈಗಳನ್ನು ಇಸ್ತ್ರಿಯ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬೀದಿ ದಾಟಿ ಬಂದು, ಅಣ್ಣನಿಗೆ ಹೆಗಲು ಕೊಟ್ಟ.