ಉಸಿರಿನ ಅಡಿಟಿಪ್ಪಣಿ

ನಾಲ್ಕನೆಯ ಸಾಲಿನ ನಡುವೆ ಭಾವ ಪೆನ್ಸಿಲಿನಿಂದ ಸ್ವರಪುಸ್ತಕದ ಸ್ಟ್ಯಾಂಡು ಕುಟ್ಟಿದರು. ನಾನು ಕೊಳಲನ್ನು ತುಟಿಯಿಂದ ಇಳಿಸಿದೆ.

"ಅಲ್ಲಿ ಸ್ವರ ತುಂಡಾಗ್ಬೇಕು ಕಣೇ. ಪುಸ್ತಕ ನೋಡು."

"ತುಂಡು ಮಾಡಿದ್ರೆ ಕುಂಟುತ್ತೆ, ಭಾವ."

"ಮುನ್ನೂರು ವರ್ಷದ ಹಿಂದೆ ಹಾಗೇ ಕುಂಟ್ತಿತ್ತು. ನಿಂಗೇನು ಕಷ್ಟ?"

ಪಕ್ಕದಲ್ಲಿ ದೊಡ್ಡ ಪಿಟೀಲಿನಂಥ ಚೆಲ್ಲೋ ಹಿಡಿದು ಕೂತಿದ್ದ ಅಜ್ಜ, ತಂಡದಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ, ಕಮಾನಿನ ತುದಿಯಿಂದ ಬೆನ್ನು ಕೆರೆದುಕೊಂಡರು. "ಆಗಿನವರಿಗೂ ಮೊಣಕಾಲು ನೋವಿತ್ತೇನೋ, ಬಿಡಿ."

ಯಾರೂ ನಗಲಿಲ್ಲ. ತಂಡ ಭಾವನದು.

ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಇದನ್ನು ರಚಿಸಿದವನು ಬರೆದಿಟ್ಟದ್ದು ಹನ್ನೆರಡು ಸಾಲು ಉದ್ದನೆಯ ಸ್ವರಗಳನ್ನು, ಅಷ್ಟೇ. ನಡುವಿನ ಓಟ, ನಡುಕ, ತಿರುವುಗಳನ್ನು ನುಡಿಸುವವರು ಆ ಕ್ಷಣದಲ್ಲೇ ಹುಟ್ಟಿಸಿಕೊಳ್ಳಬೇಕು. ಆ ಕಾಲದ ಪದ್ಧತಿ ಅದು. ಎಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಮೂಗು ಕಟ್ಟಿದ್ದ ಒಂದು ಬೆಳಿಗ್ಗೆ, ನಾನು ಸುಮ್ಮನೆ ಹಾಗೆ ನುಡಿಸಿದ್ದೆ. ಭಾವ ಅದನ್ನು ರೆಕಾರ್ಡ್ ಮಾಡಿಕೊಂಡು, ಸ್ವರ ಸ್ವರವೂ ಬರೆದು, ಅಚ್ಚು ಹಾಕಿಸಿದರು. ಮುಖಪುಟದಲ್ಲಿ 'ಅಂದಿನ ಅಲಂಕಾರಗಳೊಂದಿಗೆ' ಎಂದಿದೆ, ಕೆಳಗೆ ಭಾವನ ಹೆಸರು. ನಾಲ್ಕನೆಯ ಸಾಲಿನಲ್ಲಿ ಉಸಿರು ಸಾಲದೆ ನಾನು ಬಾಯಿ ತೆರೆದ ಜಾಗಕ್ಕೊಂದು ಗುರುತು, ಅದಕ್ಕೆ ಅರ್ಧ ಪುಟದ ಅಡಿಟಿಪ್ಪಣಿ: ಇದು ಆ ಕಾಲದ ನಿಟ್ಟುಸಿರಿನ ಶೈಲಿ. ಸಂಗೀತಶಾಲೆಯ ಹುಡುಗಿಯರೆಲ್ಲ ಈಗ ಅಲ್ಲಿ ಶ್ರದ್ಧೆಯಿಂದ ಸ್ವರ ತುಂಡರಿಸಿ ಉಸಿರೆಳೆಯುತ್ತಾರೆ.

ಇಷ್ಟು ವರ್ಷಗಳಲ್ಲಿ ಈ ಭಾಗವನ್ನು ವೇದಿಕೆಯ ಮೇಲೆ ನುಡಿಸುವ ಅವಕಾಶ ನನಗೆ ಬಂದದ್ದು ಇದೇ ಮೊದಲು.

"ಅದು ನನ್ನ ನೆಗಡಿ, ಭಾವ."

"ಮತ್ತೆ ಶುರು ಹಚ್ಕೋಬೇಡ." ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನೋಡು, ಶುಕ್ರವಾರದ ಕಾರ್ಯಕ್ರಮ ರೆಕಾರ್ಡಾಗುತ್ತೆ. ಅದು ಪುಸ್ತಕದ ಜೊತೆ ಹೋಗೋದು. ಎರಡೂ ಬೇರೆ ಬೇರೆ ಆದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಪ್ರತಿ ಸಲ ಬೇರೆ ಆಗ್ಬೇಕು ಅಂತ ಮುನ್ನುಡಿಯಲ್ಲಿ ನೀವೇ ಬರ್ದಿದ್ದೀರಲ್ಲ."

"ಮುನ್ನುಡಿ ಯಾರು ಓದ್ತಾರೆ?" ಅಂದರು ಅಜ್ಜ, ತಂತಿ ಬಿಗಿಮಾಡುತ್ತ.

ಭಾವನ ಕಿವಿ ಕೆಂಪಾಯಿತು. "ನಿಮ್ಮಕ್ಕನೂ ಹೇಳ್ತಿದ್ಲು, ತಂಗಿಗೂ ಏನಾದ್ರೂ ಮಾಡಿ ಅಂತ. ಮುಂದಿನ ಮುದ್ರಣದಲ್ಲಿ ನಿನ್ನ ಹೆಸರು ಹಾಕ್ತೀನಿ. ಕೊನೇಲಿ ಕೃತಜ್ಞತೆ ಅಂತ ಇರುತ್ತಲ್ಲ, ಅಲ್ಲಿ. ಅಚ್ಚಾಗಿರೋ ಹಾಗೇ ನುಡಿಸು, ಶುಕ್ರವಾರ ನಿಂದೇ. ಇಲ್ದಿದ್ರೆ ಪಿಟೀಲಿನವಳಿಗೆ ಕೊಡ್ತೀನಿ."

ಪುಸ್ತಕವನ್ನು ನನ್ನ ಸ್ಟ್ಯಾಂಡಿನ ಮೇಲೆ ಬಿಡಿಸಿಟ್ಟು, ಅಂಗೈಯಿಂದ ಪುಟ ಒತ್ತಿ ಸಮಮಾಡಿದರು.

"ನುಡಿಸ್ತೀಯಾ?"

"ಇಲ್ಲ."