ಭಂಡಾರ ಹಚ್ಚಿದ ರೂಪಾಯಿ

ಬೆಳ್ಳಿ ರೂಪಾಯಿಯ ಫೋಟೊ ತೆಗೆಯುವುದೆಂದರೆ ಹಟಮಾರಿ ಕೂಸಿಗೆ ಅಂಗಿ ತೊಡಿಸಿದ ಹಾಗೆ. ಎದುರಿಗಿದ್ದುದನ್ನೆಲ್ಲ ಅದು ಮೈಮೇಲೆ ಎಳೆದುಕೊಳ್ಳುತ್ತದೆ: ನನ್ನ ಮೂಗು, ಕಿಟಕಿಯ ಸರಳು, ಅತ್ತೆಯ ಹಸಿರು ಸೀರೆ. ಬೆಳಗಾವಿಯ ನೆಹರು ನಗರದ ನಮ್ಮ ಮನೆಯಲ್ಲಿ ಇನ್ನೂರು ಹಳೆಯ ನಾಣ್ಯಗಳ ಫೋಟೊ ತೆಗೆದ ಕೈ ನನ್ನದು. ಆದರೂ ಆ ಶನಿವಾರ ಖಾನಾಪುರದ ಅತ್ತೆಯ ಮನೆಯಲ್ಲಿ ಅವರ ಒಂದೇ ಒಂದು ರೂಪಾಯಿ ನನ್ನ ಬೆವರಿಳಿಸಿತು.

ಅತ್ತೆ ಪದ್ಮವ್ವನ ತವರು ನಂದಗಡ. ಕುರಿ ಸಾಕುವ ಮನೆತನ. ಯಾರು ಯಾವಾಗ ಹುಟ್ಟಿದರೆಂದು ಬರೆದಿಟ್ಟವರೇ ಇಲ್ಲ. ಹಿರಿಯ ಮಗ ಹುಟ್ಟಿದಾಗ ಮಾತ್ರ ಆ ವರ್ಷದ ಹೊಸ ರೂಪಾಯಿಯೊಂದನ್ನು ದೇವರ ಡಬ್ಬಿಯಲ್ಲಿ ಇಡುತ್ತಿದ್ದರು. ಇದು ಅತ್ತೆಯ ಅಪ್ಪ ಭರಮಣ್ಣ ಹುಟ್ಟಿದಾಗ ಇಟ್ಟದ್ದು, ತವರಿನಿಂದ ಅತ್ತೆಯ ಕೈಗೆ ಬಂದದ್ದು. ಒಂದು, ಒಂಬತ್ತು, ಒಂದು ಎಂಬಷ್ಟು ಓದಬಹುದಿತ್ತು. ಬೇಕಾಗಿದ್ದ ಕೊನೆಯ ಅಂಕಿಯೇ ಸವೆದುಹೋಗಿತ್ತು.

"ನಿನ್ನ ಫೋಟೊದಾಗ ಕಾಣಸ್ತದೇನವಾ ಪ್ರಮಿಳಾ? ಅಪ್ಪ ಯಾವ ವರ್ಷ ಹುಟ್ಟಿದ್ದ ಅಂತ ಗೊತ್ತಾಗಲಾರ್ದನ ನಾನೂ ಹೋಗಿಬಿಡ್ತೇನೋ ಏನೋ" ಎಂದಿದ್ದರು ಅತ್ತೆ.

"ಕಾಣಸೂಹಂಗ ಮಾಡ್ತೇನ್ರಿ ಅತ್ತಿ. ನೀವು ಮಾತ್ರ ಅದನ್ನ ತೊಳಿಬ್ಯಾಡ್ರಿ, ತಿಕ್ಕಬ್ಯಾಡ್ರಿ, ಹುಣಸಿಹಣ್ಣ ಹಚ್ಚಬ್ಯಾಡ್ರಿ" ಎಂದು ಮೂವತ್ತು ಸಲ ಹೇಳಿದ್ದೆ. ತಿಕ್ಕಿದರೆ ಉಳಿದ ಗೆರೆಯೂ ಹೋಗುತ್ತಿತ್ತು.

ಬೆಳಿಗ್ಗೆಯಿಂದ ಕಿಟಕಿಯ ಬಳಿ ಇಟ್ಟೆ, ಅಂಗಳದಲ್ಲಿ ಇಟ್ಟೆ, ಕಣಕದ ಉಂಡೆಯ ಮೇಲೆ ಓರೆಯಾಗಿ ನಿಲ್ಲಿಸಿದೆ. ಅಂಕಿಯಿದ್ದ ಜಾಗದಲ್ಲಿ ಬರೀ ಹೊಳಪು! ಎರಡು ಗಂಟೆಗೆ ಸಾಕಾಗಿ ರೂಪಾಯಿಯನ್ನು ಅತ್ತೆಯ ಕೈಗಿಟ್ಟು ಊಟಕ್ಕೆ ಕೂತೆ. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಇನ್ನೊಮ್ಮೆ ನೋಡೋಣವೆಂದು ದೇವರ ಕೋಣೆಗೆ ಹೋದರೆ, ರೂಪಾಯಿ ಭಂಡಾರದ ಅರಿಶಿನದಲ್ಲಿ ಮುಳುಗಿ ಕೂತಿದೆ!

"ಅತ್ತೀ! ಏನ್ ಮಾಡೀರಿ ಇದನ್ನ?"

"ಯಾಕ ಒದರ್ತಿ? ತೊಳದಿಲ್ಲ, ತಿಕ್ಕಿಲ್ಲ, ಹುಣಸಿಹಣ್ಣ ಮುಟ್ಟಿಲ್ಲ. ಹೊರಗ ತಗದದ್ದನ್ನ ಬೀರಪ್ಪನ ಭಂಡಾರ ಹಚ್ಚಲಾರ್ದ ಹೆಂಗ ಒಳಗ ಇಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ರೂಪಾಯಿಯನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ತಟ್ಟಿದೆ. ಮೇಲಿನ ಹುಡಿ ಉದುರಿತು. ತಗ್ಗಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಹಳದಿಯ ನಡುವೆ ಬೆಳ್ಳಿಯ ಸಣ್ಣ ಗೆರೆಯೊಂದು ಬಾಗಿ ನಿಂತಿತ್ತು.

"ರೀ, ಲಗೂ ಬರ್ರಿ! ಮೊಬೈಲ್ ಬ್ಯಾಟರಿ ಹಚ್ಚರಿ, ಬಾಜೂಕ ಹಿಡೀರಿ!"

ಗಂಡ ಶಿವಲಿಂಗ ಎಂಜಲು ಕೈಯಲ್ಲೇ ಓಡಿ ಬಂದರು. ಬೆಳಕನ್ನು ನೆಲಕ್ಕೆ ತಾಗಿಸಿ ಹಿಡಿದರು. ನಾನು ಉಸಿರು ಕಟ್ಟಿ ಕ್ಲಿಕ್ ಮಾಡಿದೆ. ಬೆರಳಿನಿಂದ ಫೋಟೊ ಹಿಗ್ಗಿಸಿದರೆ, ಬಾಗಿದ ತಲೆ, ಕೆಳಗೆ ಚಪ್ಪಟೆ ಬಾಲ.

"ಎರಡ ಐತಿ!" ಎಂದು ಅವರು ಕೂಗಿದರು. "ಖರೇನ ಎರಡ ಐತ್ಯೋ ಯಪ್ಪಾ!"

"ಹತ್ತೊಂಬತ್ತುನೂರಾ ಹನ್ನೆರಡು, ಅತ್ತಿ! ನಿಮ್ಮಪ್ಪ ಹುಟ್ಟಿದ ವರ್ಷ!" ನಾನು ಅವರ ಎರಡೂ ಕೈ ಹಿಡಿದು ಕುಣಿದೇಬಿಟ್ಟೆ. ಅವರೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಆಮೇಲೆ ಲೆಕ್ಕಕ್ಕಿಳಿದರು.

"ಅಪ್ಪ ಹೋಗಿದ್ದು ನನ್ನ ಲಗ್ನಾದ ವರ್ಷ. ಅರವತ್ತೆಂಟರಾಗ. ಹಂಗಾರ ಅಂವಗ ಎಷ್ಟಾಗಿದ್ದುವು?"

"ಐವತ್ತಾರು" ಎಂದೆ.

"ಬರೇ ಐವತ್ತಾರ? ನಾ ಇಷ್ಟು ದಿನ ಮುದುಕಾಗಿ ಹ್ವಾದ ಅಂತ ತಿಳಕೊಂಡಿದ್ನೆಲ್ಲೋ!" ಅತ್ತೆ ಮಗನ ಕಡೆ ತಿರುಗಿದರು. "ನಿನಗೀಗ ಎಷ್ಟೋ?"

"ಐವತ್ತಾರ ಬೇ" ಎಂದರು ಇವರು.

ಅತ್ತೆ ಮಗನ ಕೆನ್ನೆಯನ್ನು ಅರಿಶಿನದ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇಷ್ಟ ಸಣ್ಣಾಂವ ಇದ್ದನೇನೋ ನಮ್ಮಪ್ಪ!"